ಆರು ನಿಮಿಷ

ಕಳೆದ ಬೇಸಿಗೆಯಲ್ಲಿ ಹಿರೇಕೆರೂರಿನಲ್ಲಿ ನನ್ನ ತಂಗಿಯ ಮಗಳ ಮದುವೆ. ಹುಬ್ಬಳ್ಳಿ ಬಿಡುವಾಗಲೇ ತಡವಾಗಿತ್ತು. ತಡಕ್ಕೆ ಕಾರಣರು ಯಾರೆಂಬ ಚರ್ಚೆ ಶಿಗ್ಗಾಂವಿಯವರೆಗೂ ನಡೆದು, ಅಪರಾಧಿ ನಾನೇ ಎಂದು ಮನೆಯವರೆಲ್ಲ ಒಮ್ಮತದಿಂದ ತೀರ್ಮಾನಿಸಿದರು.

ಕಾರು ನಡೆಸುತ್ತಿದ್ದವನು ಮಗ. ಊರು ದಾಟಿದೊಡನೆ ಎರಡು ಲಾರಿಗಳು ಜೋಡೆತ್ತುಗಳಂತೆ ದಾರಿಯನ್ನೆಲ್ಲ ಹಿಡಿದು ಸಾಗಿದ್ದವು. ಹಿಂದಿನದಕ್ಕೆ ಮುಂದೆ ಹೋಗುವ ಆಸೆ; ಆದರೆ ಶಕ್ತಿಯಿಲ್ಲ. ಮಗ ಹಾರ್ನ್ ಒತ್ತಿಯೇ ಒತ್ತಿದ.

"ಲಾರಿಗೂ ಕಾರಿಗೂ ಒಂದ ವೇಗ ಅಂತ ಕಾನೂನು ಮಾಡಿಬಿಟ್ಟರ ಈ ತಾಪತ್ರಯನ ಇರೂದಿಲ್ಲ ನೋಡ್ರಿ, ಅಪ್ಪಾ!"

ಮಾತು ನನಗೂ ಸರಿಯೆನಿಸಿತು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ, ನಡುವೆ ವಿಭಜಕವಿರುವ ಚತುಷ್ಪಥ ರಸ್ತೆಗಳಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ., ಲಾರಿಗೆ 80 ಎಂದು ಗರಿಷ್ಠ ವೇಗ ಗೊತ್ತುಪಡಿಸಿದ್ದರು. 2015ರ ಅಕ್ಟೋಬರ್‌ನಿಂದೀಚೆಗೆ ತಯಾರಾದ ಲಾರಿಗಳಿಗೆ 80ನ್ನು ಮೀರದಂತೆ ತಡೆಯುವ ವೇಗನಿಯಂತ್ರಕವೂ ಕಡ್ಡಾಯ. ಎಂಬತ್ತರ ಲಾರಿ ಎಪ್ಪತ್ತೆಂಟರ ಲಾರಿಯನ್ನು ದಾಟಬೇಕಾದರೆ ಒಂದೂವರೆ ನಿಮಿಷವಾದರೂ ಬೇಕು. ಹಾರ್ನ್ ಮಾಡಿ ಫಲವೇನು?

ಬಂಕಾಪುರದ ಹತ್ತಿರ ಚಹಕ್ಕೆಂದು ನಿಂತೆವು. ಅದೇ ಲಾರಿಯೂ ಬಂದು ನಿಂತಿತು. ಹಾನಗಲ್ಲಿನ ಮಾವು ತುಂಬುವುದಕ್ಕೆ ಹೊರಟಿತ್ತಂತೆ. ನಡುವಯಸ್ಸಿನ ಚಾಲಕನನ್ನು ಮಾತಿಗೆಳೆದೆ.

"ಏನ್ರಿ, ನಿಮಗೂ ನೂರರ ಪರವಾನಗಿ ಕೊಟ್ಟರ ಹೆಂಗ?"

ಆತ ಬಸಿ ಕೆಳಗಿಟ್ಟು ನಕ್ಕ. "ಬ್ಯಾಡ್ರಿ ಸಾಹೇಬರ. ತುಂಬಿದ ಗಾಡಿ ಬ್ರೇಕ್ ಒತ್ತಿದಲ್ಲೇ ನಿಲ್ಲೂದಿಲ್ಲ. ನಮ್ಮನ್ನ ನೂರಕ್ಕ ಏರಸೂದ್ಯಾಕ? ನೀವ ಎಂಬತ್ತಕ್ಕ ಇಳೀರಿ. ಆಗೂ ಒಂದ ವೇಗ ಆಗ್ತದಲ್ರಿ?"

ಈ ಪಕ್ಷ ನಮಗಿಬ್ಬರಿಗೂ ಹೊಳೆದಿರಲಿಲ್ಲ. ಸಮಾನತೆಯೆಂದರೆ ಇತರರು ನಮ್ಮಂತಾಗಬೇಕೆಂದೇ ನಾವು ತಿಳಿಯುತ್ತೇವಷ್ಟೆ!

ಮತ್ತೆ ಕಾರೇರಿ ಲೆಕ್ಕ ಹಾಕಿದೆ. ನಲವತ್ತು ಕಿ.ಮೀ. ದಾರಿಗೆ ನೂರರ ವೇಗದಲ್ಲಿ 24 ನಿಮಿಷ, ಎಂಬತ್ತರಲ್ಲಿ 30. ಉಳಿತಾಯ ಆರೇ ನಿಮಿಷ. ಆದರೆ ಎಂಬತ್ತು ನೂರಾದಾಗ ವೇಗ ಹೆಚ್ಚುವುದು ಕಾಲುಪಾಲಾದರೂ, ಅಪ್ಪಳಿಸುವ ಶಕ್ತಿ ಒಂದೂವರೆ ಪಟ್ಟನ್ನೂ ಮೀರುತ್ತದೆ. ಆರು ನಿಮಿಷಕ್ಕೆ ಇದು ದುಬಾರಿ ಬಡ್ಡಿಯಲ್ಲವೆ?

ಹಾಗೆಂದು ಎಲ್ಲ ಅನಾಹುತವನ್ನೂ ವೇಗದ ತಲೆಗೆ ಕಟ್ಟಲಾಗದು. 2025ರ ಜನವರಿ 22ರ ಬೆಳಗಿನ ಜಾವ, ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟಿದ್ದ ಹಣ್ಣು-ತರಕಾರಿಯ ಲಾರಿ ಯಲ್ಲಾಪುರದ ಆಚೆ ಅರಬೈಲ್ ಘಟ್ಟದಲ್ಲಿ ಕಣಿವೆಗೆ ಉರುಳಿತು. ಬೇರೊಂದು ವಾಹನಕ್ಕೆ ದಾರಿ ಬಿಡಲು ಎಡಕ್ಕೆ ಸರಿದಾಗ ಹೀಗಾಯಿತೆಂದು ವರದಿಯಾಯಿತು. ಸರಕಿನ ಜೊತೆಯಲ್ಲೇ ಕುಳಿತಿದ್ದ ಬಡ ವ್ಯಾಪಾರಿಗಳಲ್ಲಿ ಹತ್ತು ಮಂದಿ ತೀರಿಕೊಂಡರು. ಸರಕಿನ ಗಾಡಿಯಲ್ಲಿ ಮನುಷ್ಯರು ಕೂರಬೇಕಾದ ಸ್ಥಿತಿಯನ್ನು ಯಾವ ವೇಗದ ಫಲಕವೂ ಸರಿಪಡಿಸಲಾರದು. ಆದರೆ ಆ ಸುದ್ದಿ ಓದಿದಂದಿನಿಂದ, ದಾರಿ ಬಿಡೆಂದು ಹಾರ್ನ್ ಮಾಡುವಾಗೆಲ್ಲ ನನ್ನ ಎದೆ ಒಮ್ಮೆ ಅಳುಕುತ್ತದೆ.

ಮಗನಿಗೆ ಇಷ್ಟನ್ನೂ ಹೇಳಿದೆ. ಅವನು ಉತ್ತರ ಕೊಡಲಿಲ್ಲ. ಮುಳ್ಳು ಮಾತ್ರ ಮೆಲ್ಲಗೆ ಎಂಬತ್ತಕ್ಕೆ ಇಳಿಯಿತು. ಹಾವೇರಿ ದಾಟಿ, ಹೆದ್ದಾರಿ ಬಿಟ್ಟು ಹಿರೇಕೆರೂರಿನ ದಾರಿ ಹಿಡಿದಾಗ ಮುಂದೆ ಮತ್ತೊಂದು ಲಾರಿ. ಈ ಸಲ ಹಾರ್ನ್ ಕೇಳಿಸಲಿಲ್ಲ.

ನಾವು ಮಂಟಪ ಸೇರುವ ಹೊತ್ತಿಗೆ ಅಕ್ಷತೆ ಬಿದ್ದು ಆರು ನಿಮಿಷವಾಗಿತ್ತಂತೆ. ತಂಗಿ ಮುಖ ಊದಿಸಿಕೊಂಡು, "ಅಣ್ಣಾ, ಒಂದೀಟು ಜೋರ ಬರಬಾರದಿತ್ತೇನು?" ಎಂದಳು.

ನಾನು ಉತ್ತರ ಹುಡುಕುವಷ್ಟರಲ್ಲಿ ಮಗನೇ ಮುಂದೆ ಬಂದು, "ಅತ್ತೀ, ಊಟಕ್ಕ ಬರೋಬ್ಬರಿ ಬಂದೇವಲ್ಲ!" ಎಂದ.