ರಸಬಾಳೆ ಇದ್ದ ಮೂಲೆ

ಅಕ್ಟೋಬರ್ ಬಂತೆಂದರೆ ಯೂಟ್ಯೂಬ್‌ನಲ್ಲಿ ಇಂಗ್ಲೆಂಡಿನವರು ತೋಟ ಚೊಕ್ಕಟ ಮಾಡಿ ಟ್ಯೂಲಿಪ್ ಗೆಡ್ಡೆ ಹೂಳೋ ವಿಡಿಯೋಗಳು ಶುರು. ನಮ್ಮ ಟೀಮಿನಲ್ಲೂ ಇಬ್ಬರು ಗೆಡ್ಡೆ ತರಿಸಿದ್ದಾರೆ. ಆದರೆ ಟ್ಯೂಲಿಪ್ಪಿಗೆ ಸುಮಾರು ಮೂರು ತಿಂಗಳು ಫ್ರಿಜ್ಜಿನಂಥ ಚಳಿ ಬೇಕು. ನಮ್ಮ ನಂಜನಗೂಡಿನ ಕಡೆ ಜನವರಿ ರಾತ್ರಿಯಲ್ಲೂ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು!

ಹಾಗಂತ ಚಳಿಗೆ ಮುಂಚೆ ಗೆಡ್ಡೆ ನೆಡೋ ಕೆಲಸ ನಮಗೂ ಹೊಸದಲ್ಲ. ನಮ್ಮನೆ ಹಿತ್ತಲಲ್ಲಿ ಅದು ಸುಗಂಧರಾಜದ ಕೆಲಸ.

ಅದನ್ನ ನೆಡೋ ಮೂಲೆಯಲ್ಲಿ ಮೊದಲು ಅಪ್ಪನ ರಸಬಾಳೆ ಇತ್ತು. ಜಿಐ ಟ್ಯಾಗ್ ಇರೋ, ಎಲ್ಲರೂ ಹೆಸರು ಹೇಳೋ ನಂಜನಗೂಡು ರಸಬಾಳೆ. ಅದಕ್ಕೆ ಪನಾಮ ಸೊರಗು ರೋಗ ಬಡಿಯಿತು. ಎಲೆ ಅಂಚಿನಿಂದ ಹಳದಿಯಾಗಿ, ಮುರಿದು ಜೋತುಬಿತ್ತು. ಕಾಂಡ ಕೊಯ್ದರೆ ಒಳಗೆ ಕಂದು ಗೆರೆ. ಈ ರೋಗ ತರೋ ಫ್ಯುಸೇರಿಯಂ ಶಿಲೀಂಧ್ರ ಬಾಳೆ ಕಿತ್ತ ಮೇಲೂ ಮಣ್ಣಲ್ಲಿ ದಶಕಗಟ್ಟಲೆ ಉಳಿಯುತ್ತೆ. ಅಂಗಾಂಶ ಕೃಷಿಯ ಸಸಿ ತಂದರೆ ಸಸಿಯೇನೋ ಶುದ್ಧ, ಮಣ್ಣು ಮಾತ್ರ ಹಳೇದೇ.

ಅಪ್ಪ ತೀರಿಕೊಂಡ ಮೇಲೆ ಆ ಮೂಲೆಯಲ್ಲಿ ಮತ್ತೆ ರಸಬಾಳೆ ಇರಬೇಕು ಅನ್ನೋ ಆಸೆ ನನಗೆ. ಅವ್ವ ಒಂದೇ ಮಾತು ಅಂದಳು: "ಬಾಳೆಗೆ ಆಗ್ದಿರೋ ಮಣ್ಣು ಹೂವಿಗಾಯ್ತದೆ, ಬುಡು ಮಗ."

ಅವಳ ಮಾತು ಸರಿ. ಬಾಳೆಯ ಆ ರೋಗ ಸುಗಂಧರಾಜಕ್ಕೆ ಬರೋದಿಲ್ಲ. ಮೆಕ್ಸಿಕೋದಿಂದ ಬಂದ ಗಿಡ, ನಮ್ಮ ಹವೆಗೆ ಹೊಂದಿಕೊಂಡುಬಿಟ್ಟಿದೆ. ಹೆಸರಘಟ್ಟದ ತೋಟಗಾರಿಕಾ ಸಂಸ್ಥೆ ಶೃಂಗಾರ್, ಪ್ರಜ್ವಲ್ ಅನ್ನೋ ತಳಿಗಳನ್ನೂ ಕೊಟ್ಟಿದೆ. ಎರಡು ಮೂರು ವರ್ಷವಾದರೆ ಗುಂಪು ಇಕ್ಕಟ್ಟಾಗಿ ಹೂವು ಸಣ್ಣಗಾಗುತ್ತೆ. ಆಗ ಕೀಳಬೇಕು.

ದಸರಾ ರಜೆಗೆ ಹೋದಾಗ ಕಳೆ ತೆಗೆದು, ಒಣಗಿದ ಎಲೆ ಸವರಿ, ಗುದ್ದಲಿಯಲ್ಲಿ ಗುಂಪು ಎಬ್ಬಿಸಿದೆವು. ಗೆಡ್ಡೆ ಬಿಡಿಸುತ್ತಾ ಅವ್ವ ತೋರಿಸಿದಳು: ಒಮ್ಮೆ ಹೂ ಬಿಟ್ಟ ತಾಯಿಗೆಡ್ಡೆ ಮತ್ತೆ ಹೂ ಬಿಡೋದಿಲ್ಲ, ಪಕ್ಕದ ಮರಿಗಳು ಬಿಡ್ತವೆ. ದಪ್ಪನೆಯವನ್ನು ಆರಿಸಿ ಒಂದು ತಿಂಗಳು ನೆರಳಲ್ಲಿ ಹರಡಿಟ್ಟೆವು. ಹೆಚ್ಚಿನವರು ಮುಂಗಾರಿಗೆ ನೆಡೋದು, ಆದರೆ ಬೆಚ್ಚಗಿರೋ ನಮ್ಮ ಕಡೆ ನೀರಿದ್ದರೆ ಯಾವಾಗಲಾದರೂ ಆಗುತ್ತೆ. ನವೆಂಬರಲ್ಲಿ ಕೊಟ್ಟಿಗೆ ಗೊಬ್ಬರ ಹಾಕಿ, ಸಾಲಿಗೆ 30 ಸೆಂಟಿಮೀಟರ್, ಗೆಡ್ಡೆಗೆ 20 ಸೆಂಟಿಮೀಟರ್ ಅಂತರ ಬಿಟ್ಟು ನೆಟ್ಟೆವು. ಮೂರು ನಾಲ್ಕು ತಿಂಗಳಿಗೆ ಹೂವು.

ಉಳಿದ ಗೆಡ್ಡೆಗಳನ್ನು ಚೀಲಕ್ಕೆ ತುಂಬಿ ಟಿ. ನರಸೀಪುರದ ಅಕ್ಕನ ಮನೆಗೆ ಕೊಟ್ಟುಬಂದೆ. ಕಪಿಲೆ ನಮ್ಮ ನಂಜನಗೂಡನ್ನ ದಾಟಿ ಕಾವೇರಿಗೆ ಸೇರೋದೂ ಅಲ್ಲೇ ತಾನೆ.

ಅಕ್ಕನಿಗೂ ನನ್ನದೇ ಚಿಂತೆ: ಅವ್ವ ಒಬ್ಬಳೇ. "ಬೆಂಗಳೂರಿಗೆ ಬಾ" ಅಂತ ನಾನು ಪ್ರತಿ ಭಾನುವಾರ ಫೋನಿನಲ್ಲಿ ಹೇಳೋದು, ಅವಳು ಮಾತು ಮರೆಸೋದು. ಈ ಸಲ ಕೊನೆಯ ಗೆಡ್ಡೆ ಮುಚ್ಚಿ ಮಣ್ಣು ತಟ್ಟುತ್ತಾ, "ಇನ್ ಮೂರು ವರ್ಸ ಕೀಳಂಗಿಲ್ಲ" ಅಂದಳು. ನನಗೆ ಉತ್ತರ ಸಿಕ್ಕಿತು. ಅಪ್ಪನ ಮೂಲೆಯನ್ನು ಅಪ್ಪ ಇದ್ದಾಗಿನಂತೆಯೇ ಉಳಿಸೋ ಹಂಬಲ ನನ್ನದು. ಅವಳಿಗೆ ಅಲ್ಲಿ ಏನಾದರೂ ಬೆಳೀತಿರಬೇಕು, ಅದನ್ನ ನೋಡ್ಕೊಳ್ಳೋಕೆ ತಾನಿರಬೇಕು, ಅಷ್ಟೇ.

ಮುಂದಿನ ಶನಿವಾರ ಡ್ರಿಪ್ ಪೈಪು, ಟೈಮರ್ ತಗೊಂಡು ಊರಿಗೆ ಹೋಗ್ತಿದ್ದೀನಿ. ಅವಳು ಬಕೆಟ್ ಹೊರೋದಾದರೂ ತಪ್ಪಲಿ.