ಟ್ಯಾಪೆಟ್ಟೋ, ಬೇರಿಂಗೋ?

ಹಳೇ ಕಾರು ನೋಡೋಕೆ ಹೋಗೋರು ಹಿಂದಿನ ರಾತ್ರಿನೇ ಮಾಲೀಕರಿಗೆ ಫೋನ್ ಮಾಡಿ ಒಂದು ಮಾತು ಹೇಳಿಬಿಡಿ: ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ರೆ ಅರ್ಧ ಕತೆ ಆಗಲೇ ಮುಗಿದುಹೋಗಿರುತ್ತೆ. ಸವೆದ ಪಿಸ್ಟನ್ ತಣ್ಣಗಿದ್ದಾಗ ಕಟಕಟ ಅನ್ನುತ್ತೆ, ಕಾದು ಹಿಗ್ಗಿದ ಮೇಲೆ ಸುಮ್ಮನಾಗುತ್ತೆ. ಸವೆದ ಬೇರಿಂಗ್ ಇದಕ್ಕೆ ಉಲ್ಟಾ. ತಣ್ಣಗಿದ್ದಾಗ ಗಟ್ಟಿ ಆಯಿಲ್ ಅದರ ಬಾಯಿ ಮುಚ್ಚಿಸಿರುತ್ತೆ, ಆಯಿಲ್ ಕಾದು ತೆಳುವಾದ ಮೇಲೆ ಸದ್ದು ಶುರು. ಹಾಗಾಗಿ ಎರಡನ್ನೂ ಕೇಳಬೇಕು. ಅರ್ಧ ದಿನ ರಜೆ ಹಾಕಿಯೇ ಹೋಗಿ.

ನಾವು ನೋಡಿದ್ದು ಮದ್ದೂರಲ್ಲಿ. ವಡೆಯ ಮದ್ದೂರಲ್ಲ, ಅದು ಮಂಡ್ಯದ್ದು. ನಮ್ಮದು ಗುಂಡ್ಲುಪೇಟೆ ತಾಲೂಕಿನದು, ಸುಲ್ತಾನ್ ಬತ್ತೇರಿ ರಸ್ತೆಯಲ್ಲಿ ಬಂಡೀಪುರ ಕಾಡು ಶುರುವಾಗೋ ಮುಂಚೆ ಸಿಗುತ್ತೆ. ಗಾಡಿ 1996ರ ಮಾರುತಿ 800. ಚಾಮರಾಜನಗರ ಇನ್ನೂ ಜಿಲ್ಲೆ ಆಗಿರಲಿಲ್ಲ, ನಂಬರ್ ಪ್ಲೇಟಲ್ಲಿ ಮೈಸೂರಿನ ಕೆಎ 09. ಮಾರೋರು ಊರಿನ ರಿಟೈರ್ಡ್ ಮೇಷ್ಟ್ರು. ಹೇಳಿದ ರೇಟು 45,000.

ಬೇಕಾಗಿದ್ದು ಅಪ್ಪನಿಗೆ. ವಾರಕ್ಕೆ ಎರಡು ಸಲ ಡಯಾಲಿಸಿಸ್. ನಾನು ಬೆಂಗಳೂರಲ್ಲಿ, ಓಡಿಸೋನು ತಮ್ಮ. ವಾಪಸ್ ಬರೋವಷ್ಟರಲ್ಲಿ ಕೆಲವು ದಿನ ಕತ್ತಲಾಗುತ್ತೆ. 2009ರಿಂದ ನಮ್ಮ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನೊಳಗೆ ವಾಹನ ಬಿಡಲ್ಲ. ಕಾಡುಪ್ರಾಣಿಗಳಿಗೆ ಒಳ್ಳೇದೇ, ನನ್ನ ತಕರಾರಿಲ್ಲ. ಆದ್ರೆ ಗೇಟ್ ಬಿದ್ದ ಮೇಲೆ ಗಾಡಿ ಕೆಟ್ಟು ನಿಂತ್ರೆ, ಕೈ ಅಡ್ಡ ಹಾಕೋಕೆ ಒಂದು ಲಾರಿನೂ ಸಿಗಲ್ಲ. ಹೊಲಕ್ಕೆ ಆನೆ ಇಳಿಯೋ ಹೊತ್ತು ಬೇರೆ.

ಜೊತೆಗೆ ಸೋದರಮಾವನ್ನ ಕರ್ಕೊಂಡು ಹೋಗಿದ್ದೆ. ಡೀಸೆಲ್ ಪಂಪ್‌ಸೆಟ್ ರಿಪೇರಿ ಮಾಡ್ಕೊಂಡೇ ಮೂವತ್ತು ವರ್ಷ ಕಳೆದವರು. ಅವರ ಪಾಠ ಇಷ್ಟೇ: "ಸದ್ದು ಎಷ್ಟು ಜೋರದ ಅಂತ ನೋಡಬ್ಯಾಡ ಅಳಿಯ. ಎಲ್ಲಿಂದ ಬತ್ತದ, ಯಾವಾಗ ಬತ್ತದ, ಅದ ನೋಡು."

ಕೀ ಆನ್ ಮಾಡಿದಾಗ ಕೆಂಪು ಆಯಿಲ್ ದೀಪ ಉರಿಯಿತು. ಇದನ್ನ ನೋಡೋದು ಮರೀಬೇಡಿ, ಬಲ್ಬೇ ಕಿತ್ತಿಟ್ಟಿರೋರೂ ಇರ್ತಾರೆ. ಸ್ಟಾರ್ಟ್ ಆದ ತಕ್ಷಣ ದೀಪ ಆರಿತು. ಮೂರೇ ಸಿಲಿಂಡರಿನ 796 ಸಿಸಿ ಎಂಜಿನ್, ಸ್ವಲ್ಪ ಅದುರೋದು ಅದರ ಹುಟ್ಟುಗುಣ. ಮೇಲ್ಗಡೆಯಿಂದ ಹೊಲಿಗೆ ಮಷೀನಿನ ಥರ ಟಿಕ್ ಟಿಕ್.

"ಅದು ಟ್ಯಾಪೆಟ್ ಸದ್ದು ಕಣಪ್ಪ, ಗ್ಯಾರೇಜಿನವನೇ ಹೇಳವ್ನೆ" ಅಂದ್ರು ಮೇಷ್ಟ್ರು.

ನಿಜವೇ. ಮಾವ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ ತಲೆ ಮೇಲಿಟ್ಟು, ಹಿಡಿಯನ್ನ ಕಿವಿಗೆ ಒತ್ತಿ ಕೇಳಿದ್ರು. (ಹೀಗೆ ಮಾಡುವಾಗ ತಲೆಯನ್ನ ಫ್ಯಾನಿಂದ ದೂರ ಇಟ್ಕೊಳ್ಳಿ. ಕರೆಂಟ್ ಫ್ಯಾನು, ಯಾವಾಗ ಬೇಕಾದ್ರೂ ತಿರುಗುತ್ತೆ.) ವಾಲ್ವ್ ನಡೆಸೋ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗೋದ್ರಿಂದ ಆ ಟಿಕ್ ಟಿಕ್ ಸ್ವಲ್ಪ ನಿಧಾನ. ಟ್ಯಾಪೆಟ್ ಸೆಟ್ ಮಾಡಿದ್ರೆ ಮುಗೀತು, ಖರ್ಚೂ ಕಮ್ಮಿ. ಅಷ್ಟಕ್ಕೇ ಬಿಟ್ಟಿದ್ರೆ ಗಾಡಿ ಅವತ್ತೇ ಮನೆಗೆ ಬರ್ತಿತ್ತು. ತಮ್ಮ ಆಗಲೇ ಸೀಟ್ ಕವರ್ ಬಣ್ಣ ಮಾತಾಡ್ತಿದ್ದ.

"ಒಂದ್ ರೌಂಡ್ ಹೋಗ್ಬರದ" ಅಂದ್ರು ಮಾವ. ಅರಣ್ಯ ಇಲಾಖೆ ಗೇಟಿನವರೆಗೆ ಹೋಗಿ, ಅಲ್ಲಿಂದ ಗುಂಡ್ಲುಪೇಟೆ ಕಡೆ ಅರ್ಧ ಗಂಟೆ ಓಡಿಸಿ ಬಂದ್ವಿ. ಮೇಷ್ಟ್ರ ಮನೆ ಮುಂದೆ ನಿಲ್ಲಿಸಿ ಐಡಲ್‌ಗೆ ಬಿಟ್ಟಾಗ ಆಯಿಲ್ ದೀಪ ಮಿಣುಕೋಕೆ ಶುರು ಮಾಡ್ತು. ಮಾವ ಆಕ್ಸಿಲರೇಟರ್ ಸ್ವಲ್ಪ ಏರಿಸಿ ಬಿಟ್ರು. ಬಿಟ್ಟ ಆ ಕ್ಷಣಕ್ಕೆ ಕೆಳಗಿಂದ ಡಬ್ ಡಬ್ ಡಬ್. ಬಾಗಿಲನ್ನ ಒಳಗಿಂದ ಯಾರೋ ಗುದ್ದಿದ ಹಾಗೆ.

ಆಮೇಲೆ ಮಾಡಿದ್ದು ನಾವು ಆಫೀಸಲ್ಲಿ ದಿನಾ ಮಾಡೋ ಕೆಲಸವೇ: ಒಂದೊಂದನ್ನೇ ಆಫ್ ಮಾಡಿ ತಪ್ಪು ಎಲ್ಲಿದೆ ಅಂತ ಹುಡುಕೋದು. ಒಣ ಬಟ್ಟೆ ಸುತ್ತಿದ ರಬ್ಬರ್ ಹಿಡಿಯ ಇಕ್ಕಳದಲ್ಲಿ ಒಂದೊಂದೇ ಸ್ಪಾರ್ಕ್ ಪ್ಲಗ್ ವೈರ್ ಎಳೆದ್ರು. ಮೊದಲನೇದು ಎಳೆದಾಗ ಎಂಜಿನ್ ಕುಂಟಿತು, ಸದ್ದು ಹಾಗೇ ಇತ್ತು. ಎರಡನೇದು ಎಳೆದಾಗ ಡಬ್ ಡಬ್ ಹೆಚ್ಚುಕಮ್ಮಿ ನಿಂತೇಹೋಯ್ತು. ಆ ಸಿಲಿಂಡರಲ್ಲಿ ಬೆಂಕಿ ಹತ್ತದಿದ್ರೆ ಕನೆಕ್ಟಿಂಗ್ ರಾಡ್ ಮೇಲೆ ಹೊಡೆತ ಬೀಳಲ್ಲ, ಸವೆದ ಬೇರಿಂಗ್ ಬಡ್ಕೊಳ್ಳಲ್ಲ. ಟ್ಯಾಪೆಟ್ ಆಗಿದ್ರೆ ವೈರ್ ಎಳೆದ್ರೂ ಸದ್ದು ಬದಲಾಗ್ತಿರಲಿಲ್ಲ. ಅಂದ್ರೆ ಗ್ಯಾರೇಜಿನವನು ಹೇಳಿದ್ದು ಸುಳ್ಳೇನಲ್ಲ. ಎರಡು ಸದ್ದಿತ್ತು, ಅವನು ಅಗ್ಗದ್ದನ್ನ ಮಾತ್ರ ಹೇಳಿದ್ದ.

ಮೇಷ್ಟ್ರು ತಾವೇ ಬಗ್ಗಿ ಕೇಳಿದ್ರು. "ಮೊನ್ನೆ ಮೊಮ್ಮಕ್ಕಳನ್ನ ಕೂರಿಸ್ಕೊಂಡು ಇದರಲ್ಲೇ ಮೈಸೂರಿಗೆ ಹೋಗ್ಬಂದೆ" ಅಂದ್ರು. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಹತ್ತು ಸಾವಿರ ಕಮ್ಮಿಗೆ ಕೊಡ್ತೀನಿ ಅಂದಾಗ ಬೇಡ ಅಂದಿದ್ದು ನಾನೇ. ಬಡ್ಕೊಳ್ಳೋ ರಾಡ್ ಒಂದಿನ ಮುರಿದು ಎಂಜಿನ್ ಬ್ಲಾಕ್ ತೂತು ಮಾಡ್ಕೊಂಡು ಆಚೆ ಬರುತ್ತೆ. ಅದು ಯಾವ ತಿರುವಿನಲ್ಲಿ ಅಂತ ಹತ್ತು ಸಾವಿರ ಹೇಳಲ್ಲ.

ಈಗ ಎಂಜಿನ್ ಇಳಿಸಿದ್ದಾರೆ, ಮೇಷ್ಟ್ರ ಖರ್ಚಲ್ಲಿ, ಮಾವನ ಕೈಯಲ್ಲಿ. ಕ್ರ್ಯಾಂಕ್ ಮೈಸೂರಿನ ಲೇತ್‌ಗೆ ಹೋಗಿದೆ. 0.25 ಮಿಲಿಮೀಟರ್ ಗ್ರೈಂಡ್ ಮಾಡಿ ಸರಿಹೋದ್ರೆ ಅದೇ ಅಳತೆಯ ಬೇರಿಂಗ್ ಹಾಕ್ತಾರೆ, ಇಲ್ಲಾಂದ್ರೆ ಲೆಕ್ಕ ಬೆಳೆಯುತ್ತೆ. ವಾಪಸ್ ಬಂದ ಮೇಲೆ ಇನ್ನೊಂದ್ಸಲ ನೋಡ್ತೀವಿ ಅಂದಿದ್ದೀವಿ. ಅಲ್ಲಿಯವರೆಗೆ ಅಪ್ಪನಿಗೆ ಬಾಡಿಗೆ ಆಟೋ. ಅದರ ಸದ್ದಿನ ಬಗ್ಗೆ ಮಾವ ಇನ್ನೂ ಏನೂ ಹೇಳಿಲ್ಲ.