ಲೆಕ್ಕದ ತಪ್ಪು, ಹೊಣೆಯ ಪ್ರಶ್ನೆ

ನಾನು ವಾಣಿಜ್ಯ ಪದವೀಧರ. ಹುಮನಾಬಾದಿನ ಪೇಟೆಯಲ್ಲಿ ನಾಲ್ಕು ದಶಕ ತೊಗರಿ, ಕಡಲೆಗಳ ವ್ಯಾಪಾರ ಮಾಡಿದವನು. ಜಮಾ-ಖರ್ಚಿನ ಧರ್ಮವನ್ನು ಬಲ್ಲೆನೆಂಬ ಅಭಿಮಾನ ನನಗಿತ್ತು. 2017ರಲ್ಲಿ ಆ ಅಭಿಮಾನವೇ ಒಂದು ಬಡ ಸಂಸಾರಕ್ಕೆ ಮುಳುವಾಯಿತು.

ಬಸವಕಲ್ಯಾಣದ ಪರಿಚಿತ ವೃದ್ಧರೊಬ್ಬರು, ಸರಕಾರಿ ಕಚೇರಿಯೊಂದರ ಜವಾನರಾಗಿ ನಿವೃತ್ತರಾದವರು, ನೋಟೀಸೊಂದನ್ನು ಹಿಡಿದು ನಮ್ಮ ಅಂಗಡಿಗೆ ಬಂದರು. ಹನ್ನೆರಡು ವರ್ಷಗಳ ಹಿಂದೆ ಕಚೇರಿಯು ವೇತನ ನಿಗದಿ ಮಾಡುವಾಗ ತಪ್ಪಿ ಹೆಚ್ಚು ಹಣ ಕೊಟ್ಟಿದೆ, ಅದನ್ನು ಮರಳಿಸದಿದ್ದರೆ ಪಿಂಚಣಿಯಿಂದ ಕಡಿತಗೊಳಿಸಲಾಗುವುದು ಎಂಬುದು ಅದರ ಸಾರ.

“ಸಾವುಕಾರ್ರೀ, ಇದರಾಗ ನಂದೇನ್ ತಪ್ಪದರಿ?” ಎಂದು ಕೇಳಿದರು.

“ನಮ್ಮದಲ್ಲದ ರೊಕ್ಕ ಮನ್ಯಾಗ ಇಟ್ಕೋಬಾರದ್ರಿ, ಕಟ್ಟಿಬಿಡ್ರಿ” ಎಂದೆ. ಅವರು ಮರುಮಾತಾಡಲಿಲ್ಲ. ಪತ್ನಿಯ ಬಳೆಗಳನ್ನು ಅಡವಿಟ್ಟು ಕಟ್ಟಿದರು.

ಕೆಲವು ತಿಂಗಳ ನಂತರ ವಕೀಲ ಮಿತ್ರರೊಬ್ಬರಿಂದ ಸತ್ಯ ತಿಳಿಯಿತು. ಪಂಜಾಬ್ ಸರಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ 2014ರ ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು, ಇಂಥ ತಪ್ಪು ಪಾವತಿಯನ್ನು ಮೂರನೆಯ ಮತ್ತು ನಾಲ್ಕನೆಯ ದರ್ಜೆಯ ನೌಕರರಿಂದಾಗಲಿ, ನಿವೃತ್ತರಿಂದಾಗಲಿ ವಸೂಲು ಮಾಡಬಾರದೆಂದು ವಿಧಿಸಿತ್ತು; ಐದು ವರ್ಷಕ್ಕೂ ಹೆಚ್ಚು ಕಾಲ ಸಂದಾಯವಾದ ಹಣಕ್ಕೂ ಇದೇ ನಿಯಮ. ನಾವು ಅರ್ಜಿ ಬರೆದೆವು. ಒಂದೂವರೆ ವರ್ಷದ ಮೇಲೆ ಹಣ ಹಿಂದಿರುಗಿತು. ಅಷ್ಟರಲ್ಲಿ ಬಳೆಗಳು ಹರಾಜಾಗಿದ್ದವು. ಕಚೇರಿಯ ಪತ್ರದಲ್ಲಿ ಅಸಲು ಮಾತ್ರವಿತ್ತು. ಬಡ್ಡಿಯಿಲ್ಲ, ವಿಷಾದದ ಒಂದು ಶಬ್ದವೂ ಇಲ್ಲ.

ಕೊಡದುದನ್ನು ತೆಗೆದುಕೊಳ್ಳುವುದು ಕಳವು ಎಂದು ಬಾಲ್ಯದಿಂದ ಕೇಳಿದ್ದೇವೆ. ಆದರೆ ಆ ಮಾತನ್ನು ನಾನು ಬಡವನಿಗೆ ಅನ್ವಯಿಸಿದೆನೇ ಹೊರತು ಕಚೇರಿಗೆ ಅನ್ವಯಿಸಲಿಲ್ಲ. ಪೇಟೆಯಲ್ಲಾದರೋ ಬಾಕಿಯಿದೆ ಎನ್ನುವವನೇ ಖಾತೆ ತೆರೆದು ತೋರಿಸಬೇಕು. ಅಂಗಡಿಯಲ್ಲಿ ನಿತ್ಯ ಪಾಲಿಸಿದ ಈ ನಿಯಮವನ್ನು ಸರಕಾರಿ ಮೊಹರು ಕಂಡೊಡನೆ ಮರೆತೆ.

ಆಸ್ಟ್ರೇಲಿಯದಲ್ಲಿ ಈ ಮರೆವು ಒಂದು ಸರಕಾರದ ನೀತಿಯೇ ಆಯಿತು. 2015ರಿಂದ 2019ರವರೆಗೆ ಅಲ್ಲಿ ಗಣಕಯಂತ್ರವು ಜನರ ವಾರ್ಷಿಕ ಆದಾಯವನ್ನು ಪಕ್ಷಗಳಿಗೆ ಸಮನಾಗಿ ಹಂಚಿ, ಸಹಾಯಧನ ಪಡೆದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮೇಲೆ ಇಲ್ಲದ ಸಾಲ ಹೊರಿಸಿತು. ಸಾಲವಿಲ್ಲವೆಂದು ಸಾಧಿಸುವ ಭಾರ ಬಡವರದೇ ಆಯಿತು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. 2023ರ ಜುಲೈಯಲ್ಲಿ ವಿಚಾರಣಾ ಆಯೋಗವು ಆ ಯೋಜನೆಯನ್ನು ಕಟುವಾಗಿ ಖಂಡಿಸಿತು. ವಸೂಲಾದುದನ್ನು ಮರಳಿಸಿದ ಮೇಲೂ, 47.5 ಕೋಟಿ ಡಾಲರುಗಳ ಹೆಚ್ಚಿನ ಪರಿಹಾರಕ್ಕೆ ಸರಕಾರ 2025ರ ಸೆಪ್ಟೆಂಬರಿನಲ್ಲಿ ಒಪ್ಪಬೇಕಾಯಿತು.

ಅಸಲು ಹಿಂದಿರುಗಿಸಿದರೆ ಲೆಕ್ಕ ಸರಿಹೋದೀತು, ಹೊಣೆ ತೀರದು. ವಸೂಲಿಗೆ ಮುನ್ನ ಆಧಾರ ತೋರಿಸುವುದು, ತಪ್ಪಿದರೆ ಬಡ್ಡಿಸಹಿತ ನಷ್ಟ ತುಂಬಿಕೊಡುವುದು, ಆದೇಶಕ್ಕೆ ಸಹಿ ಹಾಕಿದವರು ಉತ್ತರಿಸುವುದು, ಲಿಖಿತವಾಗಿ ಕ್ಷಮೆ ಯಾಚಿಸುವುದು: ಹೊಣೆಯೆಂದರೆ ಇಷ್ಟೂ ಸೇರಿ. ಕಲ್ಯಾಣದ ಭಂಡಾರದ ಮೇಲೆ ದೂರು ಬಂದಾಗ ಭಂಡಾರಿ ಬಸವಣ್ಣನವರೇ ಲೆಕ್ಕ ಒಪ್ಪಿಸಿದರೆಂದು ಪುರಾಣಗಳು ಹೇಳುತ್ತವೆ. ಆ ನೆಲದ ವೃದ್ಧರೊಬ್ಬರಿಗೆ ಇಂದಿನ ಭಂಡಾರ ಅಷ್ಟನ್ನಾದರೂ ಮಾಡಬೇಕಿತ್ತು.

ನನ್ನ ಪಾಲಿನ ಕ್ಷಮೆಯನ್ನು ಅವರ ಮನೆಗೇ ಹೋಗಿ ಕೇಳಿದೆ. “ಇರ್ಲಿ ಬಿಡ್ರಿ” ಎಂದರು. ಆಕೆಯ ಬರಿಗೈಗಳನ್ನು ನೋಡುವ ಧೈರ್ಯ ನನಗಾಗಲಿಲ್ಲ. ಈಗ ಯಾರೇ ನೋಟೀಸು ತಂದರೂ, ಕಟ್ಟಿರಿ ಎನ್ನುವ ಮೊದಲು ಲೆಕ್ಕವನ್ನು ಕೇಳೋಣ ಎನ್ನುತ್ತೇನೆ.